ಕಾರ್ಮಿಕರ ಲಸಿಕೆ: ಮಾಲೀಕರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಪ್ರಶ್ನೆ: ನಮ್ಮ ಲಾಂಡ್ರಿಗೆ ಆಸ್ಪತ್ರೆಗಳ ಬಟ್ಟೆ ಒಗೆಯಲು ಬರುತ್ತದೆ. ಕೆಲಸಗಾರರಿಗೆ ಹೆಪಟೈಟಿಸ್ ಬಿ ಲಸಿಕೆ ಬೇಕೇ? ಕೆಲವರಿಗೆ ಎರಡು ಡೋಸ್ ಆಗಿ ಮೂರನೆಯದು ತಪ್ಪಿದೆ. ಮೊದಲಿನಿಂದ ಶುರು ಮಾಡಬೇಕೇ?

ಉತ್ತರ: ಖಂಡಿತ ಬೇಕು. ಹಾಸಿಗೆ ಬಟ್ಟೆಯ ಮಡಿಕೆಯಲ್ಲಿ ಸೂಜಿ ಉಳಿದು ಬರುವುದುಂಟು. ರಕ್ತದಿಂದ ಹರಡಿ ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ, ಒಣಗಿದ ರಕ್ತದಲ್ಲೂ, ಕನಿಷ್ಠ 7 ದಿನ ಸೋಂಕು ತಗುಲಿಸಬಲ್ಲದು.

ಮೊದಲಿನಿಂದ ಶುರು ಮಾಡಬೇಕಾಗಿಲ್ಲ, ಬಾಕಿ ಇರುವ ಡೋಸ್ ಕೊಡಿಸಿದರೆ ಸಾಕು. ಸಾಮಾನ್ಯ ವೇಳಾಪಟ್ಟಿ 0, 1 ಮತ್ತು 6ನೇ ತಿಂಗಳು. ತಡವಾದರೆ ನಡೆಯುತ್ತದೆ, ಅವಸರ ನಡೆಯುವುದಿಲ್ಲ. ಮೊದಲ ಎರಡರ ನಡುವೆ ಕನಿಷ್ಠ 4 ವಾರ, ಎರಡು ಮತ್ತು ಮೂರರ ನಡುವೆ 8 ವಾರ, ಒಂದರಿಂದ ಮೂರಕ್ಕೆ 16 ವಾರ ಆಗಿರಬೇಕು. ಚುಚ್ಚುಮದ್ದು ತೋಳಿನ ಮೇಲ್ಭಾಗದ ಸ್ನಾಯುವಿಗೇ ಬೀಳಬೇಕು. ಪೃಷ್ಠಕ್ಕೆ ಕೊಟ್ಟರೆ ಮದ್ದು ಕೊಬ್ಬಿನ ಪದರದಲ್ಲೇ ನಿಂತು, ಸೋಂಕಿನೊಡನೆ ಹೋರಾಡುವ ಪ್ರತಿಕಾಯ ಸರಿಯಾಗಿ ಹುಟ್ಟದಿರಬಹುದು.

ಸೂಜಿ ಚುಚ್ಚುವ ಅಪಾಯ ಇರುವವರಿಗೆ ಕೊನೆಯ ಡೋಸ್ ಆಗಿ 1–2 ತಿಂಗಳಿಗೆ ಪ್ರತಿಕಾಯದ ರಕ್ತಪರೀಕ್ಷೆ ಮಾಡಿಸಿ. ಮಿಲಿಲೀಟರಿಗೆ 10 ಮಿಲಿ ಯೂನಿಟ್ ಅಥವಾ ಹೆಚ್ಚು ಬಂದರೆ ರಕ್ಷಣೆ ಇದೆ ಎಂದರ್ಥ. ಹಾಗೆಂದು ಸೂಜಿ ಚುಚ್ಚಿದಾಗ ಸುಮ್ಮನಿರಬೇಡಿ. ಈ ಲಸಿಕೆ ಎಚ್‌ಐವಿಯನ್ನಾಗಲಿ ಹೆಪಟೈಟಿಸ್ ಸಿಯನ್ನಾಗಲಿ ತಡೆಯುವುದಿಲ್ಲ. ಗಾಯವನ್ನು ಹಿಂಡದೆ ಸೋಪು, ನೀರಿನಲ್ಲಿ ತೊಳೆದು ಕೂಡಲೇ ವೈದ್ಯರ ಬಳಿ ಕಳಿಸಿ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗನೋ ಅಷ್ಟು ಒಳ್ಳೆಯದು.

ಪ್ರಶ್ನೆ: ಕಾರ್ಖಾನೆಯಲ್ಲೇ ಲಸಿಕೆ ಶಿಬಿರ ಇಟ್ಟರೆ ಏನೇನು ಎಡವಟ್ಟಾಗಬಹುದು?

ಉತ್ತರ: ಎಲ್ಲರೂ ಬಿಸಿಲಿಗೆ ಹೆದರುತ್ತಾರೆ. ಹೆಪಟೈಟಿಸ್ ಬಿ, ಧನುರ್ವಾಯು ಲಸಿಕೆಗಳನ್ನು ಹೆಚ್ಚು ಬೇಗ ಕೆಡಿಸುವುದು ಮಂಜುಗಡ್ಡೆ. ಇವು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ನೇರವಾಗಿ ಪೆಟ್ಟಿಗೆಗೆ ಇಟ್ಟರೆ ಅದಕ್ಕೆ ತಾಗಿದ ಸೀಸೆ ಹೆಪ್ಪುಗಟ್ಟುತ್ತದೆ, ಕರಗಿಸಿದರೂ ಲಸಿಕೆಯ ಶಕ್ತಿ ಮರಳುವುದಿಲ್ಲ. ಪ್ಯಾಕನ್ನು ಹೊರಗಿಟ್ಟು, ಅಲುಗಿಸಿದಾಗ ಒಳಗೆ ನೀರು ಆಡುವ ಸದ್ದು ಕೇಳಿದ ಮೇಲಷ್ಟೇ ಜೋಡಿಸಿ. ಸೀಸೆಗಳ ಪಕ್ಕದಲ್ಲೇ ಥರ್ಮಾಮೀಟರ್ ಇರಲಿ.

ಲಸಿಕೆ ಪಡೆದವರು 15 ನಿಮಿಷ ಅಲ್ಲೇ ಕೂರಬೇಕು, ಹಿಂದೆ ತೀವ್ರ ಅಲರ್ಜಿ ಆಗಿದ್ದವರು 30 ನಿಮಿಷ. ಬರೀ ತಲೆಸುತ್ತಿ ಬಿದ್ದವರ ನಾಡಿ ನಿಧಾನವಾಗುತ್ತದೆ, ಮಲಗಿಸಿ ಕಾಲೆತ್ತಿದರೆ ಚೇತರಿಸಿಕೊಳ್ಳುತ್ತಾರೆ. ಮೈತುಂಬ ದದ್ದು, ಉಬ್ಬಸ, ವೇಗದ ನಾಡಿ ಕಂಡರೆ ಅದು ಅಲರ್ಜಿ ಆಘಾತ. ವಯಸ್ಕರಿಗೆ 1:1000 ಅಡ್ರಿನಲಿನ್ 0.5 ಮಿಲಿಲೀಟರ್ ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡಬೇಕು, ಸುಧಾರಿಸದಿದ್ದರೆ 5 ನಿಮಿಷದ ನಂತರ ಮತ್ತೊಮ್ಮೆ. ಅದನ್ನು ಕೊಡಲು ಬಲ್ಲವರು ಹಾಜರಿಲ್ಲದ ಶಿಬಿರವನ್ನು ಮುಂದೂಡುವುದೇ ಸರಿ.

ಪ್ರಶ್ನೆ: ಕೆಲವರು ಲಸಿಕೆಗೆ ಬರುವುದೇ ಇಲ್ಲ. ಒತ್ತಾಯಿಸಬಹುದೇ? ಸುತ್ತಮುತ್ತ ವೈದ್ಯರಿಲ್ಲ, ಅಕ್ಕಪಕ್ಕದ ಮನೆಯವರನ್ನೂ ಕರೆಯಬಹುದೇ?

ಉತ್ತರ: ಒತ್ತಾಯದ ಮಾತಿಗೆ ಮೊದಲು, ಬಾರದವರು ಯಾರೆಂದು ನೋಡಿ. ರಾತ್ರಿ ಪಾಳಿಯವರು, ಗುತ್ತಿಗೆದಾರರ ಕಡೆಯವರು, ಅರ್ಧ ದಿನದ ಕೂಲಿ ಹೋಗುತ್ತದೆಂದು ಹಿಂಜರಿಯುವವರೇ ಹೆಚ್ಚಿದ್ದರೆ ಅದನ್ನು ನಿರಾಕರಣೆ ಎನ್ನಲಾಗದು. ಪಾಳಿ ಬದಲಾಗುವ ಹೊತ್ತಿಗೆ ಶಿಬಿರ ಇಡಿ, ಆ ಸಮಯದ ಕೂಲಿ ಕೊಡಿ, ಮರುದಿನ ಜ್ವರ ಬಂದರೆ ಸಂಬಳಸಹಿತ ರಜೆ ಎಂದು ಮೊದಲೇ ತಿಳಿಸಿ. ನಿಜವಾಗಿ ಬೇಡವೆನ್ನುವವರ ಕಾರಣವನ್ನು ಮೇಸ್ತ್ರಿ ನಾಲ್ಕು ಜನರ ಮುಂದೆ ಕೇಳಬಾರದು. ಗರ್ಭಿಣಿಯೋ, ಯಾವುದೋ ಔಷಧಿಯಲ್ಲಿರುವವರೋ ಆಗಿರಬಹುದು. ಅದು ವೈದ್ಯರ ಕಡತದಲ್ಲಿರಲಿ, ಕಚೇರಿಯ ಕಡತಕ್ಕೆ ಬರುವುದು ಬೇಡ. ಕಡ್ಡಾಯ ಮಾಡಬಹುದೇ ಎಂಬುದನ್ನು ಆಯಾ ದೇಶದ ಕಾನೂನು ತೀರ್ಮಾನಿಸುತ್ತದೆ.

ನೆರೆಹೊರೆಯವರನ್ನು ಕರೆಯಿರಿ, ಆದರೆ ಶಿಬಿರವನ್ನು ಗೇಟಿನ ಹೊರಗೆ ಇಡಿ. ಒಳಗಿದ್ದರೆ ಪಾಸು, ಹೆಸರು ಬರೆಸುವುದು ಎಂದು ಅರ್ಧ ಜನ ವಾಪಸಾಗುತ್ತಾರೆ. ವಯಸ್ಸಿನ ಪ್ರಕಾರ ಎಷ್ಟು ಜನ ಬರಬಹುದೆಂಬ ಪಟ್ಟಿಯನ್ನು ಆರೋಗ್ಯ ಸಿಬ್ಬಂದಿಗೆ ಮೊದಲೇ ಕೊಡಿ, ಮಕ್ಕಳ ಲಸಿಕೆಗಳೂ ವೇಳಾಪಟ್ಟಿಯೂ ಬೇರೆ. ಮೂರನೆಯ ಡೋಸಿನ ಹೊತ್ತಿಗೆ ಕೆಲಸ ಬಿಟ್ಟು ಹೋದವರಿರುತ್ತಾರೆ. ಹಾಗಾಗಿ ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ದಿನಾಂಕ, ಮುಂದಿನ ಡೋಸ್ ಯಾವಾಗ ಎಂಬುದನ್ನೆಲ್ಲ ಬರೆದ ಕಾರ್ಡನ್ನು ಅವರ ಕೈಗೇ ಕೊಡಿ.