ಕೊಲ್ಹಾಪುರಿ ಬೆಲ್ಲ ತಂದುಕೊಡು ಅಂದವನಿಗೆ

ನೀ ಕಳಿಸಿದ ಕೋಷ್ಟಕ ನೋಡಿದೆ ದೋಸ್ತ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ದೇಶದೇಶಕ್ಕೂ ಹಾಕುವ ಆಹಾರದ ಜಮಾಖರ್ಚು, ಅದರಲ್ಲಿ ಭಾರತದ ‘ಸಕ್ಕರೆ ಮತ್ತು ಸಿಹಿಕಾರಕಗಳು’ ಅನ್ನೋ ಸಾಲು, ಆ ಸಾಲಿನ ಪ್ರೋಟೀನ್ ಮನೆಯಲ್ಲಿ ಸೊನ್ನೆಯ ಆಸುಪಾಸು. ಕೆಳಗೆ ನಿನ್ನ ಷರಾ: “ನಿಮ್ಮ ಕಡೆ ಎಲ್ಲದಕ್ಕೂ ಬೆಲ್ಲ ಹಾಕ್ತೀರಲ್ಲ, ಪ್ರೋಟೀನ್ ಎಲ್ಲಿಂದ ಬರುತ್ತೆ? ಅಂದಹಾಗೆ ಬರುವಾಗ ಕೊಲ್ಹಾಪುರಿ ಬೆಲ್ಲ ತಗೊಂಡು ಬಾ, ನೀವು ಮರಾಠಿಯವರಿಗೆ ಸುಲಭವಾಗಿ ಸಿಗುತ್ತಲ್ಲ.”

ಒಂದೇ ಮೆಸೇಜಿನಲ್ಲಿ ಮೂರು ಪೆಟ್ಟು. ಮೊದಲನೆಯದು ಸುಲಭ, ಅದನ್ನು ಮುಗಿಸಿಬಿಡ್ತೀನಿ.

ಸೊನ್ನೆ ಸರಿಯಾಗೇ ಇದೆ. ನೂರು ಗ್ರಾಂ ಬೆಲ್ಲ ತಿಂದರೂ ಎರಡು ಗ್ರಾಂ ಪ್ರೋಟೀನ್ ಸಿಗಲ್ಲ, ಬಿಳಿ ಸಕ್ಕರೆಯಲ್ಲಿ ಅಷ್ಟೂ ಇಲ್ಲ. ಬೆಲ್ಲ ತಿಂದು ಪೈಲ್ವಾನ ಆದವನನ್ನು ನಾವೂ ನೋಡಿಲ್ಲ. ಆದರೆ ನಮ್ಮಲ್ಲಿ ಬೆಲ್ಲ ಒಂಟಿಯಾಗಿ ಹೊಟ್ಟೆಗೆ ಹೋಗಲ್ಲಪ್ಪ. ಶೇಂಗಾ ಹೋಳಿಗೆಯಲ್ಲಿ ಶೇಂಗಾ ಇರುತ್ತೆ, ನೂರು ಗ್ರಾಂ ಶೇಂಗಾದಲ್ಲಿ ಇಪ್ಪತ್ತೈದು ಗ್ರಾಂ ಪ್ರೋಟೀನ್. ಹೂರಣದಲ್ಲಿ ಕಡಲೆಬೇಳೆ, ಆ ಬೇಳೆ ಬಸಿದ ಕಟ್ಟಿನ ಸಾರು ಬೇರೆ. ಕೋಷ್ಟಕ ಇದನ್ನೆಲ್ಲ ಎಣ್ಣೆಕಾಳು, ದ್ವಿದಳ ಧಾನ್ಯ ಅಂತ ಬೇರೆ ಬೇರೆ ಸಾಲಿಗೆ ಹಂಚುತ್ತೆ, ನಮ್ಮವ್ವ ಒಂದೇ ಹಂಚಿನ ಮೇಲೆ ಬೇಯಿಸ್ತಾಳೆ.

ಕಬ್ಬಿನ ರಸದಲ್ಲಿದ್ದ ಪ್ರೋಟೀನ್ ಎಲ್ಲಿ ಹೋಯಿತು ಅಂತ ನೋಡಬೇಕಾದರೆ ಗಾಣಕ್ಕೆ, ಅಂದರೆ ನಿಮ್ಮ ಕಡೆಯ ಆಲೆಮನೆಗೆ, ಬರಬೇಕು. ಕಡಾಯಿಯ ರಸ ಬಿಸಿ ಏರುತ್ತಿದ್ದ ಹಾಗೆ ಬೆಂಡೆ ಗಿಡದ ಕಾಂಡ ಜಜ್ಜಿ ನೀರಲ್ಲಿ ಕಿವುಚಿದ ಲೋಳೆ ಸುರಿತಾರೆ, ಚೂರು ಸುಣ್ಣದ ತಿಳಿ ಹಾಕ್ತಾರೆ. ಸ್ವಲ್ಪ ಹೊತ್ತಿಗೆ ಕಪ್ಪು-ಹಸಿರು ನೊರೆ ರಗ್ಗಿನ ಹಾಗೆ ದಪ್ಪಗೆ ಮೇಲೆ ಬಂದು ನಿಲ್ಲುತ್ತೆ. ಹಾಲು ಒಡೆದ ಹಾಗೆ ರಸದ ಪ್ರೋಟೀನ್ ಗಡ್ಡೆಗಟ್ಟಿ ಆ ನೊರೆಗೆ ಸೇರಿರುತ್ತೆ. ಉದ್ದ ಹಿಡಿಯ ಜಾಲರಿಯಲ್ಲಿ ಅದನ್ನು ಗೋರಿ ತೆಗೆದು ಹೊರಗೆ ಎಸೀತಾರೆ, ನೊಣ ಮುತ್ತುತ್ತವೆ. ಕಾರ್ಖಾನೆಯಲ್ಲಾದರೆ ಇದೇ ಹೊಲಸು ಪ್ರೆಸ್‌ಮಡ್ ಆಗಿ ಟ್ರಾಕ್ಟರ್ ಏರಿ ಮತ್ತೆ ನಮ್ಮ ಹೊಲಕ್ಕೇ ಗೊಬ್ಬರವಾಗಿ ಬರುತ್ತೆ. ಅಂದರೆ ನೀ ಹುಡುಕುವ ಪ್ರೋಟೀನನ್ನು ನಮ್ಮ ಹೊಲ ತಿಂತದೆ. ರಸದಲ್ಲಿ ಉಳಿದ ಒಂಚೂರು ಅಮೈನೋ ಆಮ್ಲ ಸಕ್ಕರೆ ಜೊತೆ ಕಾದು ಬೆಲ್ಲಕ್ಕೆ ಕಂದು ಬಣ್ಣ ಕೊಡುತ್ತೆ. ನೀ ಅಂಗಡಿಯಲ್ಲಿ ಆರಿಸಿ ಆರಿಸಿ ತರ್ತೀಯಲ್ಲ ನಿಂಬೆಹಣ್ಣಿನ ಹಳದಿ ಬೆಲ್ಲ, ಅದಕ್ಕೆ ಬಹಳ ಸಲ ಬಣ್ಣ ತಿಳಿಯಾಗಿಸುವ ಹೈಡ್ರೋಸ್ ಅನ್ನೋ ರಾಸಾಯನಿಕ ಪುಡಿ ಬಿದ್ದಿರುತ್ತೆ. ಅದರಿಂದ ಬೆಲ್ಲದಲ್ಲಿ ಉಳಿಯುವ ಗಂಧಕದ ಡೈಆಕ್ಸೈಡ್ 70 ಪಿಪಿಎಂ (ಹತ್ತು ಲಕ್ಷದಲ್ಲಿ 70 ಪಾಲು) ಮೀರಬಾರದು ಅಂತ ನಿಯಮ ಇದೆ. ಕಣ್ಣಿಗೆ ಪಿಪಿಎಂ ಕಾಣಲ್ಲ, ಬಣ್ಣ ಕಾಣುತ್ತೆ, ಬಣ್ಣಕ್ಕೇ ರೇಟು.

ನಿನ್ನ ಕೋಷ್ಟಕದಲ್ಲಿ ನನಗೆ ಬೇಜಾರಾದದ್ದು ಸೊನ್ನೆ ನೋಡಿ ಅಲ್ಲ. ಲೆಕ್ಕ ಶುರುವಾಗುವ 1961ರಲ್ಲಿ ಈ ದೇಶದವರು ಸಕ್ಕರೆಗಿಂತ ಬೆಲ್ಲವನ್ನೇ ಹೆಚ್ಚು ತಿಂತಿದ್ದರು. ಈಗ ಉಲ್ಟಾ. ಬಿಳಿ ಸಕ್ಕರೆ ತಲೆಗೆ ವರ್ಷಕ್ಕೆ ಸುಮಾರು 20 ಕಿಲೊ, ಬೆಲ್ಲ ಮೂಲೆಗೆ ಸರಿದಿದೆ. ಬೆಲ್ಲದ ಲೆಕ್ಕವೂ ಅಂದಾಜಿನದೇ: ಬೆಳೆದ ಕಬ್ಬಿನಲ್ಲಿ ಕಾರ್ಖಾನೆಗೆ ಹೋದದ್ದು, ಬಿತ್ತನೆಗೆ ಹೋದದ್ದು ಕಳೆದು, ಮಿಕ್ಕದ್ದು ಬೆಲ್ಲ, ಖಂಡಸಾರಿ (ನಾಟಿ ಸಕ್ಕರೆ) ಅಂತ ಬರಕೊಳ್ಳೋದು. ನಮ್ಮಪ್ಪನ ಗಾಣ ಆ ‘ಮಿಕ್ಕದ್ದು’. ಕಾರ್ಖಾನೆ ಬಾಕಿ ಉಳಿಸಿದ ವರ್ಷ ಗಾಣದ ಹೊಗೆ ಕಾಣುತ್ತೆ, ರೇಟು ಬಂದ ವರ್ಷ ಕಬ್ಬು ಅತ್ತ ಹೋಗುತ್ತೆ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕೂತರಲ್ಲ, 3,300ಕ್ಕೆ ಎದ್ದರಲ್ಲ, ಅಷ್ಟೂ ದಿನ ಅಪ್ಪ ಟಿವಿ ಮುಂದಿಂದ ಏಳಲಿಲ್ಲ.

ಇನ್ನು ‘ಕೊಲ್ಹಾಪುರಿ’. ಇದೇ ನಮ್ಮ ದಿನದ ಗೋಳು.

ನಮ್ಮೂರು ಮಹಾರಾಷ್ಟ್ರದ ಗಡಿಗೆ ಅಂಟಿದ ನಿಪ್ಪಾಣಿ ಹತ್ತಿರ, ಕರ್ನಾಟಕದಲ್ಲೇ. ಹೆದ್ದಾರಿ ಹಿಡಿದರೆ ನಿಪ್ಪಾಣಿಯಿಂದ ಕೊಲ್ಹಾಪುರ 40 ಕಿಲೋಮೀಟರ್, ಬೆಳಗಾವಿ ಹೆಚ್ಚುಕಡಿಮೆ ಅದರ ಎರಡರಷ್ಟು. ವೇದಗಂಗೆ, ದೂಧಗಂಗೆ ಎರಡೂ ಆ ಕಡೆ ಹುಟ್ಟಿ ಈ ಕಡೆ ಹರೀತಾವೆ. ಎರಡೂ ದಂಡೆಗೆ ಅದೇ ಕಪ್ಪು ಮಣ್ಣು, ಅದೇ 86032 ಅನ್ನೋ ಕಬ್ಬಿನ ತಳಿ. 1956ರಲ್ಲಿ ಎರಡು ರಾಜ್ಯಗಳ ನಡುವೆ ಗೆರೆ ಬಿತ್ತು, 1967ರಲ್ಲಿ ಗಡಿ ಜಗಳದ ಮೇಲೆ ಮಹಾಜನ ಆಯೋಗದ ವರದಿ ಬಂತು, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಅದೆಲ್ಲ ನಿನಗೆ ಗೊತ್ತಿರೋದೇ, ಬಿಡು. ಬೆಲ್ಲದ ಪೆಂಟಿಗೆ, ಅಂದರೆ ದೊಡ್ಡ ಗಟ್ಟಿಗೆ, ಮಾತ್ರ ಬಹಳ ವರ್ಷ ಈ ಗೆರೆ ಗೊತ್ತಿರಲಿಲ್ಲ. ಟೆಂಪೊ ತುಂಬಿಸಿ ಕೊಲ್ಹಾಪುರದ ಪೇಟೆಗೆ ಒಯ್ಯೋದು, ಲಿಲಾವಿನಲ್ಲಿ ಕೂಡೋದು, ಮರಾಠಿಯಲ್ಲಿ ಬರೆದ ಮಾರಾಟದ ಪಟ್ಟಿ ಜೇಬಿಗೆ ಹಾಕಿಕೊಂಡು ಬರೋದು. 2014ರಲ್ಲಿ ಕೊಲ್ಹಾಪುರ ಬೆಲ್ಲಕ್ಕೆ ಭೌಗೋಳಿಕ ಸೂಚಕ ಸಿಕ್ಕಿತು, ಅಂದರೆ ಆ ಸೀಮೆಯ ಬೆಲ್ಲಕ್ಕೆ ಮಾತ್ರ ಆ ಹೆಸರು. ಆಮೇಲೆ ಊರು ಕೇಳೋದು ಜೋರಾಯಿತು.

ಹೋದ ಸಲ ನಾನೂ ಅಪ್ಪನ ಜೊತೆ ಹೋಗಿದ್ದೆ. ವ್ಯಾಪಾರಿ ಪೆಂಟಿಗೆ ಕಬ್ಬಿಣದ ಸಳಿ ಚುಚ್ಚಿ ಚೂರು ತೆಗೆದು ನಾಲಿಗೆ ಮೇಲೆ ಇಟ್ಟುಕೊಂಡ, ತಲೆ ಆಡಿಸಿದ. “ಕುಠಲಾ?” ಎಲ್ಲಿಯದು ಅಂತ. ಅಪ್ಪ ಊರಿನ ಹೆಸರು ಹೇಳಿದರು. “ಕರ್ನಾಟಕಚಾ”, ಅಂದು ರೇಟು ಇಳಿಸಿದ. ನಾಲಿಗೆ ಮೇಲಿನ ಚೂರು ಇನ್ನೂ ಕರಗಿರಲಿಲ್ಲ. ಅಪ್ಪ ಟೆಂಪೊ ಹತ್ತಿ ಇಷ್ಟೇ ಅಂದರು: “ನೀರಿಗಿ ಕೇಳಂಗಿಲ್ಲ, ಬೆಲ್ಲಕ್ಕ ಕೇಳ್ತಾರ.”

ಕೊಲ್ಹಾಪುರದವರ ಸಿಟ್ಟು ಪೂರಾ ಸುಳ್ಳಲ್ಲ ಅಂತಲೂ ಹೇಳಬೇಕು. ಈ ಕಡೆಯ ಬೆಲ್ಲ ಅವರ ಹೆಸರಲ್ಲಿ ಮಾರಾಟ ಆಗೋದು ನಿಜ, ಸಕ್ಕರೆ ಬೆರೆಸಿ ಪೆಂಟಿ ಕಟ್ಟುವವರೂ ಇದ್ದಾರೆ. ನಾನೇ ಆ ಊರಿನ ರೈತನಾಗಿದ್ದರೆ ಇನ್ನೂ ಜೋರು ಬಾಯಿ ಮಾಡ್ತಿದ್ದೆ. ಆದರೆ ಪೇಟೆಯಲ್ಲಿ ‘ಕರ್ನಾಟಕದ್ದು’ ಅಂತ ರೇಟು ಕಳಕೊಂಡ ಬೆಲ್ಲ, ನಿನ್ನ ಬೆಂಗಳೂರಿನ ಅಂಗಡಿಗೆ ಬರುವಷ್ಟರಲ್ಲಿ ಪ್ಲಾಸ್ಟಿಕ್ ಚೀಲದ ಮೇಲೆ ‘ಕೊಲ್ಹಾಪುರಿ’ ಆಗಿರುತ್ತಲ್ಲ, ಅದಕ್ಕೇನು ಹೇಳಲಿ? ನನಗೂ ಅದೇ ಗತಿ. ಅಲ್ಲಿ ಬಾಯಿ ತೆಗೆದರೆ ಕಾನಡಿ, ನಿನ್ನ ಆಫೀಸಿನಲ್ಲಿ ಬಾಯಿ ತೆಗೆದರೆ “ನಿಮ್ಮ ಕನ್ನಡ ಏನೋ ಮರಾಠಿ ಥರ ಇದೆ”. ಮನೆಯಲ್ಲಿ ಅಜ್ಜಿ ಎರಡೂ ಭಾಷೆಯಲ್ಲಿ ಬೈತಿದ್ದಳು, ಜೋಗುಳ ಮಾತ್ರ ಕನ್ನಡದಲ್ಲೇ.

ಈ ಗಡಿಬಿಡಿ ಬೇಡ ಅಂತ ಅಪ್ಪ ಈಗ ಕೆಲವು ಪೆಂಟಿ ಮಹಾಲಿಂಗಪುರದ ಪೇಟೆಗೆ ಕಳಿಸಿ ನೋಡ್ತಿದ್ದಾರೆ. ಬಾಡಿಗೆ ಜಾಸ್ತಿ ಬೀಳುತ್ತೆ. ಪಟ್ಟಿ ಕನ್ನಡದಲ್ಲಿ ಬರುತ್ತೆ, ಅದನ್ನು ಎರಡು ಸಲ ಓದಿ ಮಡಚಿ ಇಡ್ತಾರೆ.

ಮುಂದಿನ ವಾರ ಬರ್ತೀನಿ. ಹೈಡ್ರೋಸ್ ಹಾಕದ ಕಪ್ಪು ಪೆಂಟಿ ಒಂದು, ಅವ್ವ ಮಾಡಿದ ಶೇಂಗಾ ಹೋಳಿಗೆ ಒಂದು ಡಬ್ಬಿ. ಹಳದಿದೇ ಬೇಕು ಅಂದರೆ ನಿನ್ನ ಅಂಗಡಿಯಲ್ಲೇ ತಗೋ.