ಕಾಡತೂಸಿನ ಮೇಲಿನ ಬರಹ: ‘ಕೋಡ್’ ಬಿಡಿಸಲು ಕೂರುವ ಮೊದಲು

ಪ್ರಶ್ನೆ: ಅಮೆರಿಕದ ಬಲಪಂಥೀಯ ಕಾರ್ಯಕರ್ತ ಚಾರ್ಲಿ ಕರ್ಕ್ ಹತ್ಯೆಯಲ್ಲಿ ಸಿಕ್ಕ ಕಾಡತೂಸುಗಳ ಮೇಲೆ ಬಾಣದ ಗುರುತು, ಇಟಲಿಯ ಹಾಡು ಎಲ್ಲ ಕೆತ್ತಿತ್ತಂತೆ. ಗುಂಡು ಹಾರಿಸಿದವನು ಎಡಪಂಥೀಯನೋ ಬಲಪಂಥೀಯನೋ ಅದರಿಂದಲೇ ಗೊತ್ತಾಗುತ್ತದೆ ಎಂದು ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಜಗಳ. ಯಾರು ಸರಿ?

ಉತ್ತರ: ಎರಡೂ ಕಡೆಯವರು ತಪ್ಪು. ತಿಂಗಳಿಗೆ ನಾಲ್ಕು ಸಲ ಇದೇ ಪ್ರಶ್ನೆ ಬರುವುದರಿಂದ ಒಮ್ಮೆ ಪೂರ್ತಿ ಹೇಳಿಬಿಡುತ್ತೇನೆ.

2025ರ ಸೆಪ್ಟೆಂಬರ್ 10ರಂದು ಯೂಟಾ ವ್ಯಾಲಿ ವಿಶ್ವವಿದ್ಯಾಲಯದಲ್ಲಿ ಹಾರಿದ್ದು ಒಂದೇ ಗುಂಡು. ರೈಫಲ್ ಬೋಲ್ಟ್ ಆಕ್ಷನ್ (ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆಯಬೇಕು), ಕಾಡತೂಸು .30-06 ಎಂಬ ಅಳತೆಯದು. ಸಿಕ್ಕಿದ್ದು ಒಂದು ಖಾಲಿ ಕೋಶ (ಗುಂಡು ಹಾರಿದ ಮೇಲೆ ಉಳಿಯುವ ಲೋಹದ ಕೊಳವೆ), ಮೂರು ಹಾರದ ಕಾಡತೂಸು. ನಾಲ್ಕರ ಮೇಲೂ ಬರಹ. ಮೊದಲು ಕೇಳಬೇಕಾದ್ದು ಯಾವ ಬರಹ ಯಾವುದರ ಮೇಲಿತ್ತು ಎಂದು. ಜಗಳವೆಲ್ಲ ‘ಏ ಫ್ಯಾಸಿಸ್ಟ್, ಹಿಡಿ’ ಎಂಬುದರ ಮೇಲೆ. ಅದಿದ್ದದ್ದು ಹಾರದ ಕಾಡತೂಸಿನಲ್ಲಿ. ಖಾಲಿ ಕೋಶದ ಮೇಲಿದ್ದದ್ದು ‘ಉಬ್ಬು ಕಂಡು, OwO, ಇದೇನಿದು’ ಎಂಬ ಹಳೆಯ ಮೀಮ್.

ಎರಡನೆಯದು, ಕೆತ್ತಿದ್ದನ್ನು ಯಾರಾದರೂ ಅಕ್ಷರ ಬಿಡದೆ ಓದಿ ಹೇಳುವ ತನಕ ಬಾಯಿ ಮುಚ್ಚಿಕೊಂಡಿರುವುದು. ತನಿಖಾ ಸಂಸ್ಥೆಯ ಒಳಟಿಪ್ಪಣಿ 11ರಂದು ಸೋರಿ, ಬರಹದಲ್ಲಿ ಟ್ರಾನ್ಸ್‌ಜೆಂಡರ್ ಸಿದ್ಧಾಂತವಿದೆ ಎಂದು ಸುದ್ದಿಯಾಯಿತು. ಮರುದಿನ ಯೂಟಾ ಗವರ್ನರ್ ಸ್ಪೆನ್ಸರ್ ಕಾಕ್ಸ್ ನಾಲ್ಕನ್ನೂ ಓದಿದರು. ಆ ಪದವೇ ಇರಲಿಲ್ಲ. ಬಾಣಗಳು (ಮೇಲೆ, ಬಲಕ್ಕೆ, ಮೂರು ಸಲ ಕೆಳಗೆ) ಹೆಲ್‌ಡೈವರ್ಸ್ 2 ಎಂಬ ವಿಡಿಯೊ ಆಟದಲ್ಲಿ 500 ಕೆಜಿ ಬಾಂಬ್ ತರಿಸಲು ಒತ್ತುವ ಕ್ರಮ. ಆಟವಾಡುವ ಹುಡುಗರು ಕೂಡಲೇ ಗುರುತಿಸಿದರು.

ಮೂರನೆಯದೇ ಮುಖ್ಯ. ಮಾತು ಎಲ್ಲಿ ಹುಟ್ಟಿತು, ಬರೆದವನು ಯಾಕೆ ಬರೆದ, ಇವೆರಡು ಬೇರೆ. ‘ಬೆಲ್ಲಾ ಚಾವ್’ ಇಟಲಿಯ ಫ್ಯಾಸಿಸ್ಟ್ ವಿರೋಧಿಗಳ ಹಾಡೆಂದು ಹೆಸರಾದದ್ದು, ನಿಜ. ಆದರೆ ‘ಮನಿ ಹೈಸ್ಟ್’ ಧಾರಾವಾಹಿಯಿಂದ ಅದನ್ನು ಕಲಿತು ಗುನುಗುವವರಿಗೆ ಮುಸೊಲಿನಿ ಯಾರೆಂದೇ ಗೊತ್ತಿರಬೇಕಿಲ್ಲ. OwO ಕೂಡ ಪದವಲ್ಲ, ಮುಖ: ಎರಡು ಅಗಲ ಕಣ್ಣು, ನಡುವೆ ಬೆಕ್ಕಿನ ಬಾಯಿ. ‘ಓವೋ’ ಎಂದು ಕನ್ನಡದಲ್ಲಿ ಬರೆದ ಕೂಡಲೇ ಮುಖ ಮಾಯ. ಉಳಿದದ್ದಕ್ಕೆ ಗೂಢಾರ್ಥ ಹಚ್ಚುತ್ತಾ ಕೂರುತ್ತೀರಿ.

ಕೊನೆಗೆ ಆರೋಪಿಯದೇ ಮಾತು ಇದೆಯೇ ನೋಡಿ. 16ರಂದು ಸಲ್ಲಿಸಿದ ಆರೋಪಪತ್ರದಲ್ಲಿರುವ ಸಂದೇಶಗಳ ಪ್ರಕಾರ, ಕೆತ್ತಿದ್ದೆಲ್ಲ ಬಹುಮಟ್ಟಿಗೆ ಮೀಮ್ ಎಂದು ಅವನೇ ಬರೆದಿದ್ದ. ಕೊಲೆಯ ಉದ್ದೇಶದ ಬಗ್ಗೆ ಪ್ರಾಸಿಕ್ಯೂಷನ್ ಬೇರೆ ಸಂದೇಶಗಳನ್ನು ಮುಂದಿಟ್ಟಿದೆ. ಅದನ್ನು ತೂಗುವುದು ನ್ಯಾಯಾಲಯ, ನಿಮ್ಮ ಗುಂಪಿನ ಅಡ್ಮಿನ್ ಅಲ್ಲ.

ಪ್ರಶ್ನೆ: 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ವಿಮಾ ಕಂಪನಿ ಮುಖ್ಯಸ್ಥರ ಕೊಲೆಯಲ್ಲೂ ಬರಹವಿತ್ತಲ್ಲ, ಅದೂ ತಮಾಷೆಯೇ?

ಉತ್ತರ: ಅಲ್ಲ. ‘ಡಿಲೇ, ಡಿನೈ, ಡಿಪೋಸ್’: ಕ್ಲೇಮು ಎಳೆದಾಡಿ ತಿರಸ್ಕರಿಸುವ ವಿಮಾ ಉದ್ಯಮವನ್ನು ಬೈಯಲು ಬಳಸುವ ಮಾತಿಗೆ ಹತ್ತಿರದ್ದು. ಒಂದರ ಬೀಗದ ಕೈಯನ್ನು ಇನ್ನೊಂದಕ್ಕೆ ಹಾಕಬೇಡಿ.

ಪ್ರಶ್ನೆ: ಕೆತ್ತಿದ ಅಕ್ಷರ ಗಾಯದ ಮೇಲೆ ಮೂಡುತ್ತದೆಯೇ?

ಉತ್ತರ: ಇಲ್ಲ. ಅಕ್ಷರ ಇರುವುದು ಹಿಂದಿನ ಕೋಶದಲ್ಲಿ, ಹಾರುವುದು ಮುಂದಿನ ಗುಂಡು. ಬೋಲ್ಟ್ ಆಕ್ಷನ್‌ನಲ್ಲಿ ಬೋಲ್ಟ್ ಎಳೆಯುವ ತನಕ ಕೋಶ ರೈಫಲ್ ಬಿಟ್ಟು ಹೊರಗೇ ಬರುವುದಿಲ್ಲ.

ಪ್ರಶ್ನೆ: ಕೆತ್ತಿದ ಗುಂಡಿನ ಫೋಟೊ ಬಂದಿದೆ, ಅಸಲಿಯೇ?

ಉತ್ತರ: .30-06ರ ಕೋಶ 63 ಮಿಮೀ ಉದ್ದ, ಮೇಲ್ತುದಿಯಲ್ಲಿ ಭುಜದಂತೆ ಇಳಿದು ಕತ್ತು ಸಣ್ಣಗಾಗುತ್ತದೆ. 9 ಮಿಮೀ ಪಿಸ್ತೂಲಿನದು ಬರೀ 19 ಮಿಮೀ, ಕತ್ತೇ ಇಲ್ಲ. ಫೋಟೊದಲ್ಲಿ ಗಿಡ್ಡ ಕೊಳವೆ ಕಂಡರೆ ಅಳಿಸಿ. ಕೋಶದ ಸಮೇತ ಗುಂಡು ಗಾಳಿಯಲ್ಲಿ ಹಾರುತ್ತಿದ್ದರೆ ಕಳಿಸಿದವರನ್ನೂ ಬ್ಲಾಕ್ ಮಾಡಿ.

ಪ್ರಶ್ನೆ: ಅಕ್ಷರಗಳ ಸಂಖ್ಯೆ ಕೂಡಿಸಿ ಸಂಚು ಬಿಡಿಸುವ ಯೂಟ್ಯೂಬರ್ ಬಗ್ಗೆ?

ಉತ್ತರ: ಮುಂದಿನ ಪ್ರಶ್ನೆ.

ಪ್ರಶ್ನೆ: ಮಗ ಅಮೆರಿಕದಿಂದ ಹೆಸರು ಕೆತ್ತಿದ ಖಾಲಿ ಕೋಶದ ಕೀಚೈನ್ ತರುತ್ತಾನಂತೆ. ತೊಂದರೆಯೇ?

ಉತ್ತರ: ಬೇಡ ಅನ್ನಿ. ಎಕ್ಸ್‌ರೇಯಲ್ಲಿ ಕಾಡತೂಸಿನ ಆಕಾರ ಕಂಡರೆ ಬ್ಯಾಗು ಬಿಚ್ಚಿಸುತ್ತಾರೆ. ಖಾಲಿಯೆಂದು ಒಪ್ಪಿಸುವಷ್ಟರಲ್ಲಿ ವಿಮಾನ ಹೊರಟಿರುತ್ತದೆ.