ಅಪಘಾತದಲ್ಲಿ ರಕ್ತ ಏರಿಸಿದ್ದಕ್ಕೆ ತಮ್ಮನಿಗೆ ನಾಡಾ ನೋಟಿಸ್: ಪ್ರತಿಕ್ರಿಯೆ

ಓಟಗಾರನಾದ ನಿಮ್ಮ ತಮ್ಮನಿಗೆ ನಾಡಾದಿಂದ (ಕ್ರೀಡೆಯಲ್ಲಿ ನಿಷೇಧಿತ ಮದ್ದು, ವಿಧಾನಗಳನ್ನು ತಡೆಯುವ ರಾಷ್ಟ್ರೀಯ ಸಂಸ್ಥೆ) ನೋಟಿಸ್ ಬಂದಿದೆ, ಏನು ಮಾಡಬೇಕು ಎಂದು ಕೇಳಿದ್ದೀರಿ. ಅಂಕೋಲಾ ಬಳಿಯ ಬೈಕ್ ಅಪಘಾತದಲ್ಲಿ ಅವನಿಗೆ ಏರಿಸಿದ ಎರಡು ಬಾಟಲಿ ರಕ್ತವೇ ಬಹುಶಃ ಇದಕ್ಕೆ ಕಾರಣ. ದಾನಿಯ ಕೆಂಪುಕಣಗಳು ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತವೆ. ಎರಡು ತಿಂಗಳ ನಂತರ ಕೊಟ್ಟ ಸ್ಯಾಂಪಲ್‌ನಲ್ಲಿ ಅವನದೂ ದಾನಿಯದೂ ಎಂದು ಎರಡು ಬಗೆಯ ಕಣ ಕಂಡಿರಬಹುದು. ಜೀವ ಉಳಿಸಲು ಕೊಟ್ಟಿದ್ದಾದರೂ ರಕ್ತ ಏರಿಸುವುದು ನಿಷೇಧಿತ ವಿಧಾನವೇ. ಅದಕ್ಕೆ ಟಿಯುಇ, ಅಂದರೆ ಚಿಕಿತ್ಸಾ ವಿನಾಯಿತಿ ಬೇಕು.

ತುರ್ತು ಚಿಕಿತ್ಸೆಯಾದರೆ ಇದನ್ನು ಆಮೇಲೂ ಕೇಳಬಹುದು. ಮೊದಲು ದಾಖಲೆ ಕೂಡಿಸಿ: ಡಿಸ್ಚಾರ್ಜ್ ಸಮ್ಮರಿ, ರಕ್ತದ ಚೀಲದ ನಂಬರ್ ಇರುವ ಬ್ಲಡ್ ಬ್ಯಾಂಕ್ ಕಾಗದ, ರಕ್ತ ಏರಿಸುವ ಮೊದಲು ಮತ್ತು ನಂತರದ ಹಿಮೋಗ್ಲೋಬಿನ್ ವರದಿ. ಕಾರವಾರದಿಂದ ಮಣಿಪಾಲಕ್ಕೋ ಗೋವಾಕ್ಕೋ ಸಾಗಿಸಿದ್ದರೆ ಎರಡೂ ಆಸ್ಪತ್ರೆಯದ್ದು ಬೇಕು. ರಕ್ತ ಯಾಕೆ ಅನಿವಾರ್ಯವಾಯಿತು ಎಂದು ವೈದ್ಯರು ಬರೆದು ಕೊಡಲಿ. ಬರೀ 'ರಕ್ತ ನೀಡಲಾಗಿದೆ' ಎಂಬ ಪತ್ರ ಸಾಲದು. ಟಿಯುಇ ಫಾರಂಗೆ ವೈದ್ಯರೂ ತಮ್ಮನೂ ಸಹಿ ಹಾಕಿ ನಾಡಾಕ್ಕೆ ಕಳಿಸಿ. ಅರ್ಜಿ ಪೂರ್ಣವಾಗಿದ್ದರೆ ನಿರ್ಧಾರಕ್ಕೆ ಸಾಮಾನ್ಯವಾಗಿ 21 ದಿನ.

ನೋಟಿಸ್‌ನಲ್ಲಿ ಕೊಟ್ಟ ಗಡುವಿನೊಳಗೆ ಉತ್ತರ ಹೋಗಲೇಬೇಕು. ಟಿಯುಇ ಅರ್ಜಿ ಹಾಕಿರುವುದನ್ನು ಅದರಲ್ಲಿ ಬರೆಯಿರಿ.

ಇಲ್ಲಿ ಬಹಳ ಮಂದಿ ಎಡವುತ್ತಾರೆ: ನೋಟಿಸ್ ನಂತರದ ಆರೋಪಪತ್ರ ಬಂದು 20 ದಿನದೊಳಗೆ ತಪ್ಪನ್ನೂ ಶಿಕ್ಷೆಯನ್ನೂ ಒಪ್ಪಿಕೊಂಡರೆ ನಾಲ್ಕು ವರ್ಷದ ನಿಷೇಧದಲ್ಲಿ ಒಂದು ವರ್ಷ ಕಡಿಮೆಯಾಗುತ್ತದೆ. ಆ ಆಸೆಗೆ, ತಪ್ಪೇ ಮಾಡದವನಿಂದ ದಯವಿಟ್ಟು ಸಹಿ ಹಾಕಿಸಬೇಡಿ.

ತಾತ್ಕಾಲಿಕ ಅಮಾನತು ಇದ್ದರೆ ಜಿಲ್ಲಾ ಅಥ್ಲೆಟಿಕ್ಸ್ ಸಂಸ್ಥೆಯ ಓಟಕ್ಕೂ ಇಳಿಯಬಾರದು. ಇಳಿದರೆ, ಅಮಾನತಿನಲ್ಲಿ ಕಳೆದ ದಿನಗಳು ಮುಂದಿನ ಶಿಕ್ಷೆಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ನೋಟಿಸ್‌ನಲ್ಲಿ 'ಇಪಿಒ' (ಕೆಂಪುಕಣ ಹೆಚ್ಚಿಸುವ ನಿಷೇಧಿತ ಮದ್ದು) ಎಂದಿದ್ದರೆ ವಿಷಯವೇ ಬೇರೆ. ರಕ್ತ ಏರಿಸಿದ್ದರಿಂದ ಅದು ಬರುವುದಿಲ್ಲ. ಆಗ ಬಿ ಸ್ಯಾಂಪಲ್, ಅಂದರೆ ಅದೇ ಸ್ಯಾಂಪಲ್‌ನ ತೆಗೆದಿಟ್ಟ ಎರಡನೇ ಬಾಟಲಿಯ ಪರೀಕ್ಷೆ ಕೇಳಿ.